ಯಂತ್ರ ನುಂಗಿದ ಕರೆ

ಟೂವಾ ಮಾತಿಲ್ಲದೆ ಕೇಬಲ್ ಸುತ್ತುತ್ತಿದ್ದಳು.

ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ. ಹಾಗೆ ಸುತ್ತಿದರೆ ತಂತಿ ತಿರುಚಿಕೊಳ್ಳುವುದಿಲ್ಲ. ಮರುದಿನ ಎಸೆದರೆ ಗಂಟಿಲ್ಲದೆ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಸುಣ್ಣಕಲ್ಲಿನ ಗಣಿಯ ತಳದಲ್ಲಿ ಬುಧವಾರ ಬೆಳಗಿನ ತಂಪು ಇನ್ನೂ ಹೋಗಿರಲಿಲ್ಲ. ಸುತ್ತಲೂ ಎತ್ತರದ ಬಿಳಿ ಬಂಡೆಗೋಡೆ. ಒಂದು ಕಲ್ಲು ಉರುಳಿದರೂ ಸದ್ದು ಮೂರು ಕಡೆಯಿಂದ ತಿರುಗಿ ಬರುತ್ತಿತ್ತು.

ಇನ್ನೊಂದು ಸುತ್ತು...

ಕೇಬಲ್ ಇದ್ದಕ್ಕಿದ್ದಂತೆ ಬಿಗಿಯಾಯಿತು!

ತಲೆ ಎತ್ತಿ ನೋಡಿದಳು. ತಂತಿಯ ಆ ತುದಿಯ ಮೇಲೆ ಒಂದು ಬೂಟುಗಾಲು. ಅದರ ಮೇಲೆ ಉದ್ದನೆಯ ಒಬ್ಬ ಯುವಕ. ಕನ್ನಡಕ, ಬಾಚದ ಕೂದಲು, ಕಂಕುಳಲ್ಲಿ ಲ್ಯಾಪ್‌ಟಾಪ್.

"ಇದನ್ನ ಸುತ್ತು ಅಂತ ಯಾರು ಹೇಳಿದ್ದು?"

ಟೂವಾ ಕೈಯಲ್ಲಿದ್ದ ಸುರುಳಿಯನ್ನು ನೋಡಿದಳು.

"ಇದು ನನ್ನ ಅಳತೆ ಮೈಕಿನ ಕೇಬಲ್. ಅರ್ಧ ಗಂಟೆ ಬಗ್ಗಿ ಬಗ್ಗಿ ಹಾಸಿದೀನಿ! ಒಂದು ಮಾತು ಕೇಳ್ಬಾರ್ದಾ?"

ಕ್ಷಮಿಸು ಅನ್ನಬೇಕು... ತುಟಿ ಅಲುಗಿತು. ಮಾತು ಎಂದಿನಂತೆ ಗಂಟಲಲ್ಲೇ ಕೂತಿತು.

ಲಾರಿಯ ಹಿಂದಿನಿಂದ ರುನೆಯ ನಗು ಕೇಳಿಸಿತು. ಆ ಊರಿನ ಸೌಂಡ್ ಅಂಗಡಿಯ ಯಜಮಾನ ಅವನು, ಟೂವಾಳಿಗೆ ಕೆಲಸ ಕಲಿಸಿದವನು. "ಅವಳ ಮೇಲೆ ಕೂಗಾಡ್ಬೇಡ ಕಣಯ್ಯಾ! ನೆಲದ ಮೇಲೆ ತಂತಿ ಕಂಡ್ರೆ ಸುತ್ತೋದು ಅವಳ ರೋಗ. ಬೇಕಾದ್ರೆ ನಿನ್ನ ಬೂಟಿನ ಲೇಸೂ ಸುತ್ತಿ ಇಡ್ತಾಳೆ!"

ಯುವಕನಿಗೆ ನಗು ಬಂತು. ಕಾಲು ತೆಗೆದ. ಅವಳ ಕೈಯಲ್ಲಿದ್ದ ಸುರುಳಿಯನ್ನು ನೋಡಿದ. ಬಳೆಯಷ್ಟು ದುಂಡಗಿತ್ತು.

"ಎಷ್ಟು ಚೆನ್ನಾಗಿ ಸುತ್ತಿದೀಯ... ಬಿಚ್ಚಕ್ಕೇ ಮನಸ್ಸಾಗ್ತಿಲ್ಲ. ನಾನು ಎಸ್ಕಿಲ್."

ಅವಳ ಕೆನ್ನೆ ಬಿಸಿಯಾಯಿತು. ಅಯ್ಯೋ, ಹೆಸರಾದರೂ ಹೇಳಬಾರದಿತ್ತೇ! ಅನ್ನಿಸುವ ಹೊತ್ತಿಗೆ ಅವನು ಆಗಲೇ ಹೋಗಿಬಿಟ್ಟಿದ್ದ.

ಶನಿವಾರ ಸಂಜೆ ಐದಕ್ಕೆ ಆ ಗಣಿಯಲ್ಲಿ ಬೇಸಿಗೆಯ ಮೊದಲ ಸಂಗೀತ ಕಛೇರಿ. ಮೂರು ಸಾವಿರ ಜನ ಬರುವವರಿದ್ದರು. ಈ ವರ್ಷ ಹೊಸ ಸ್ಪೀಕರುಗಳು. ಅವುಗಳ ಜೊತೆಗೊಂದು ಹೊಸ ಕಪ್ಪು ಪೆಟ್ಟಿಗೆ. ಡಿಎಸ್‌ಪಿ ಎನ್ನುತ್ತಾರೆ. ಯಾವ ಸ್ಪೀಕರಿಗೆ ಯಾವ ಸ್ವರ, ಎಷ್ಟು ಜೋರು, ಎಷ್ಟು ತಡ, ಎಲ್ಲವನ್ನೂ ತೀರ್ಮಾನಿಸುವ ಮಿದುಳು ಅದೇ. ಅದಕ್ಕೆ ಬುದ್ಧಿ ಹೇಳಿಕೊಡಲೆಂದೇ ಎಸ್ಕಿಲ್ ಸ್ಟಾಕ್‌ಹೋಮಿನಿಂದ ಬಂದಿದ್ದ.

ಆ ಇಡೀ ಕಛೇರಿ ಶುರುವಾಗುತ್ತಿದ್ದುದು ಒಬ್ಬ ಹೆಂಗಸಿನ ಕೂಗಿನಿಂದ. ಮಾರಿಟ್‌ಳ ಕೂಗಿನಿಂದ.

ಎಪ್ಪತ್ತಾರರ ಮಾರಿಟ್ ಇಂದಿಗೂ ಬೇಸಿಗೆಯಿಡೀ ಬೆಟ್ಟದ ಹುಲ್ಲುಗಾವಲಿನಲ್ಲಿ ಹಸುಗಳ ಜೊತೆ ಇರುವವಳು. ಸಂಜೆಯಾದರೆ ಕಾಡಿನಾಚೆ ಮೇಯುವ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾಳೆ. ಸ್ವೀಡನ್ನಿನ ದಾಲಾರ್ನಾ ಸೀಮೆಯ ಹೆಂಗಸರಿಗೆ ತಲೆತಲಾಂತರದಿಂದ ಬಂದ ಕರೆ ಅದು. ತೆಳ್ಳಗೆ, ಎತ್ತರಕ್ಕೆ, ಅಲುಗದೆ, ಬಿದಿರಿನ ಕೊಳಲಿಗಿಂತ ಚೂಪಾಗಿ ಮೈಲಿಗಟ್ಟಲೆ ಹೋಗುವ ಸ್ವರ.

ಟೂವಾ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ತರಗತಿಯ ಮುಂದೆ ನಿಂತು ಪಾಠ ಒಪ್ಪಿಸುವಾಗ ಮಾತು ಹೊರಡದೆ, ಎಲ್ಲರೂ ನಕ್ಕ ದಿನವೇ ಚೀಲ ಎತ್ತಿಕೊಂಡು ಮನೆಗೆ ಬಂದಿದ್ದಳು. ಆ ಬೇಸಿಗೆಯಲ್ಲಿ ಅವಳನ್ನು ಹುಲ್ಲುಗಾವಲಿಗೆ ಕರೆದುಕೊಂಡು ಹೋದವಳು ಮಾರಿಟ್.

"ಜನರ ಹತ್ರ ಮಾತಾಡಕ್ಕಾಗ್ದಿದ್ರೆ ಹಸು ಹತ್ರ ಮಾತಾಡು. ಅವು ನಗಲ್ಲ," ಎಂದು ಕರೆಯುವುದನ್ನು ಕಲಿಸಿದ್ದಳು.

ಐದು ಬೇಸಿಗೆಗಳಿಂದ ಟೂವಾ ಹಸುಗಳನ್ನು ಕರೆಯುತ್ತಿದ್ದಾಳೆ. ಮನುಷ್ಯರ ಮುಂದೆ ಮಾತ್ರ... ಒಮ್ಮೆಯೂ ಇಲ್ಲ!

* * *

ಗುರುವಾರ ಅಳತೆಯ ದಿನ.

ಅಳತೆ ಮೈಕ್ ಹಿಡಿದು ಟೂವಾ ಸಾಲಿನಿಂದ ಸಾಲಿಗೆ ಹೋಗಬೇಕು. ಎಸ್ಕಿಲ್ ಕೆಳಗೆ ಮೇಜಿನ ಮುಂದೆ ಕೂತು ಸ್ಪೀಕರಿನಿಂದ ಜಲಪಾತದಂಥ ಸದ್ದು ಬಿಡುತ್ತಾನೆ, ಪರದೆಯ ಮೇಲಿನ ಗೆರೆ ನೋಡಿ ಏರುಪೇರು ಸರಿಮಾಡುತ್ತಾನೆ. ಇಬ್ಬರ ತಲೆಗೂ ಹೆಡ್‌ಸೆಟ್. ಅವನ ದನಿ ಅವಳ ಕಿವಿಯ ಒಳಗೇ!

"ಇಪ್ಪತ್ತನೇ ಸಾಲಿಗೆ ಹೋಗು... ನಿಲ್ಲು... ಉಸಿರು ಬಿಡಬಹುದು, ಪರವಾಗಿಲ್ಲ."

ಅವಳು ತನಗೇ ಗೊತ್ತಿಲ್ಲದೆ ನಕ್ಕಳು.

"ಓ, ನಗ್ತಾಳೆ! ರುನೆ, ಇವಳಿಗೆ ನಗಕ್ಕೂ ಬರುತ್ತೆ!"

ಮೂವತ್ತನೇ ಸಾಲಿಗೆ ಬಂದಾಗ ಅವಳ ಹೆಜ್ಜೆ ನಿಂತಿತು. ಬಲಗಡೆ ಏನೋ ಸರಿಯಿಲ್ಲ. ಹೇಳಲೇ? ತಪ್ಪಾಗಿದ್ದರೆ? ಅವನು ಓದಿದವನು...

"ಎಸ್ಕಿಲ್..."

"ಹೇಳು."

"ಇಲ್ಲಿ... ಎರಡು ಸಲ ಕೇಳ್ತಿದೆ."

"ಏನು ಎರಡು ಸಲ?"

"ಎಲ್ಲಾನೂ. ಬಲಗಡೆ ಕಂಬದ ಸ್ಪೀಕರ್ ಮೊದ್ಲು ಮಾತಾಡುತ್ತೆ. ಆಮೇಲೆ ವೇದಿಕೆ ಸದ್ದು ಬರುತ್ತೆ. ಅದು ಕಾಯ್ತಾ ಇಲ್ಲ."

ಎಸ್ಕಿಲ್ ಪರದೆ ನೋಡಿದ. ವೇದಿಕೆಯ ಸದ್ದು ಗಾಳಿಯಲ್ಲಿ ನಡೆದುಕೊಂಡು ಹಿಂದಿನ ಸಾಲಿಗೆ ಬರಲು ಹೊತ್ತು ಬೇಕು. ದೂರದ ಕಂಬದ ಸ್ಪೀಕರುಗಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯಬೇಕು. ಎಡಗಂಬ ಮೂವತ್ತೆಂಟು ಮೀಟರ್ ದೂರ. ಬಲಗಂಬವೂ ಅಷ್ಟೇ ಎಂದುಕೊಂಡು ಅದೇ ಲೆಕ್ಕ ಹಾಕಿದ್ದ.

"ರುನೆ! ಬಲಗಂಬ ಎಷ್ಟು ದೂರ ಇದೆ?"

"ನೆಲ ಸಡಿಲ ಇತ್ತು ಅಂತ ಹದಿನಾಲ್ಕು ಮೀಟರ್ ಹಿಂದೆ ಹಾಕಿದೆ. ಹೇಳಿರ್ಲಿಲ್ವಾ?"

"ಇಲ್ಲ!"

"ಹಂಗಾದ್ರೆ ಈಗ ಹೇಳ್ದೆ, ತಗೋ!"

ಎಸ್ಕಿಲ್ ಸಂಖ್ಯೆ ತಿದ್ದಿದ. ಬಂಡೆಯ ನಡುವೆ ಎರಡಾಗಿದ್ದ ಸದ್ದು ಒಂದಾಯಿತು. ಹೆಡ್‌ಸೆಟ್ಟಿನಲ್ಲಿ ಮೆಲ್ಲಗೆ ಅವನ ದನಿ.

"ಟೂವಾ... ನಿನ್ನ ಕಿವಿ ನಂಗೆ ಬೇಕು ಕಣೇ."

ಆ ಐದು ಮಾತನ್ನು ಅವಳು ಇಡೀ ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದಳು!

ಮಧ್ಯಾಹ್ನದ ಕಾಫಿಗೆ ಅವಳು ಎಂದಿನಂತೆ ಒಬ್ಬಳೇ ಕೂತಿದ್ದಳು. ಅವನು ದಾಲ್ಚಿನ್ನಿ ಬನ್ ಎರಡು ಹಿಡಿದುಕೊಂಡು ಬಂದು ಪಕ್ಕದಲ್ಲೇ ಕೂತ.

"ಸೌಂಡ್ ಕೆಲಸ ಎಲ್ಲಿ ಓದಿದ್ದು?"

"ಓದ್ಲಿಲ್ಲ. ಒಂಬತ್ತಕ್ಕೇ ಬಿಟ್ಟೆ."

ಈಗ ಅವನ ಮುಖ ಬದಲಾಗುತ್ತದೆ... ಅವಳು ಕಾಯ್ದಳು. ಬದಲಾಗಲಿಲ್ಲ. ಬನ್ನಿನ ಸಕ್ಕರೆ ಗಡ್ಡಕ್ಕೆ ಅಂಟಿಸಿಕೊಂಡು, "ನಾನು ಐದು ವರ್ಷ ಓದ್ದೆ. ಬಲಗಂಬ ನಂಗೆ ಕೇಳಿಸ್ಲಿಲ್ಲ ನೋಡು," ಎಂದ.

* * *

ಶುಕ್ರವಾರ ಎಲ್ಲ ಮುರಿದುಬಿತ್ತು.

ತಾಲೀಮಿಗೆ ಮಾರಿಟ್ ಬಂದಳು. ಕಾಲಲ್ಲಿ ಸಗಣಿ ಮೆತ್ತಿದ ಬೂಟು, ತಲೆಗೆ ಕೆಂಪು ವಸ್ತ್ರ. ಆ ಊರಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಎಲ್ಲರಿಗೂ ನೀನು ಎನ್ನುವವರೇ.

"ಏ ಹುಡುಗಾ, ನಿನ್ನ ಪೆಟ್ಟಿಗೆ ತಡ್ಕೊಳ್ಳುತ್ತಾ? ನಾನು ಕೂಗಿದ್ರೆ ಕರಡಿ ಓಡಿಹೋಗುತ್ತೆ!"

"ನೀನು ಕೂಗು, ಮಾರಿಟ್. ಪೆಟ್ಟಿಗೆ ನನ್ನ ಜವಾಬ್ದಾರಿ."

ಅವಳು ಉಸಿರೆಳೆದು ಬಾಯಿ ತೆರೆದಳು.

"ಬಾರೇ... ಶಾರ್ನಾ... ಬಾ... ರೇ..."

ಮೊದಲ ಕ್ಷಣ ಇಡೀ ಗಣಿ ನಡುಗಿತು. ಮರುಕ್ಷಣ... ಸ್ವರ ಸೊರಗಿತು! ಯಾರೋ ಕಂಬಳಿ ಹೊದಿಸಿದಂತೆ. ಇನ್ನೂ ಎತ್ತರಕ್ಕೆ ಹೋದಳು. ಅಲ್ಲೂ ಹಾಗೇ. ಸ್ಪೀಕರಿನಿಂದ ಬರುತ್ತಿದ್ದುದು ಮಾರಿಟ್‌ಳ ದನಿಯಲ್ಲ, ಅದರ ಸಿಪ್ಪೆ.

ಎಸ್ಕಿಲ್‌ನ ಪರದೆಯಲ್ಲಿ ಹನ್ನೆರಡು ಕೆಂಪು ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಡಿಎಸ್‌ಪಿಯೊಳಗೆ ಹೌಲಿಂಗ್ ಹಿಡಿಯುವ ಒಬ್ಬ ಕಾವಲುಗಾರನಿದ್ದ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು, ಸುತ್ತಿ ಸುತ್ತಿ, ಕೀ... ಎಂದು ಕಿರುಚಲು ಶುರುವಾದರೆ, ಆ ಸ್ವರವನ್ನು ಹುಡುಕಿ ಕತ್ತರಿಸುವುದು ಅವನ ಕೆಲಸ. ಕತ್ತರಿಸಿದ ಒಂದೊಂದು ಸ್ವರಕ್ಕೆ ಒಂದೊಂದು ಕೆಂಪು ದೀಪ.

"ಹೌಲಿಂಗ್ ಬರ್ತಿದೆ. ಮಾರಿಟ್ ಮೈಕ್ ಇಳಿಸ್ತೀನಿ."

"ಅದು... ಹೌಲಿಂಗ್ ಅಲ್ಲ," ಎಂದಳು ಟೂವಾ ಹೆಡ್‌ಸೆಟ್ಟಿನಲ್ಲಿ.

"ಏನಂದೆ?"

"ಕೀ ಅಂತ ಕೇಳಿಸ್ಲೇ ಇಲ್ಲ. ಅದು ಅವಳದೇ ದನಿ..."

"ಕಿವಿಗೆ ಕೇಳೋ ಮುಂಚೆ ಯಂತ್ರಕ್ಕೆ ಗೊತ್ತಾಗುತ್ತೆ, ಟೂವಾ. ದೀಪ ಸುಳ್ಳು ಹೇಳಲ್ಲ."

ಅಷ್ಟು ಹಟ ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಶವಸಂಸ್ಕಾರದಲ್ಲಿ ಅವನ ಮೈಕ್ ಕಿರುಚಿತ್ತು. ತಾಯಿಯ ಬಗ್ಗೆ ಮಾತಾಡುತ್ತಿದ್ದ ಮಗಳು ಬೆಚ್ಚಿ, ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟಿದ್ದಳು. ಆ ದಿನದಿಂದ ಅವನು ತನ್ನ ಕಿವಿಯನ್ನೇ ನಂಬುತ್ತಿರಲಿಲ್ಲ.

ಮಾರಿಟ್ ಮತ್ತೆ ಕೂಗಿದಳು. ಇನ್ನೂ ಸಪ್ಪೆ. ಎಸ್ಕಿಲ್ ಅವಳನ್ನು ಮೈಕಿನಿಂದ ದೂರ ನಿಲ್ಲಿಸಲು ವೇದಿಕೆಗೆ ಹೋದ.

ಮೇಜಿನ ಬಳಿ ಟೂವಾ ಒಬ್ಬಳೇ. ಹೇಳಿದರೆ ಕೇಳುತ್ತಿಲ್ಲ... ಮಾಡಿ ತೋರಿಸಿದರೆ? ಆ ಕಾವಲುಗಾರನನ್ನು ಆಫ್ ಮಾಡಿದರೆ ಅವನೇ ಕೇಳಿಸಿಕೊಳ್ಳುತ್ತಾನೆ. ಬಟನ್ ಒತ್ತಿದಳು.

ಆದರೆ ಮುಂದಿನ ಕ್ಷಣ ಮೈಕಿಗೆ ಬಂದವಳು ಮಾರಿಟ್ ಅಲ್ಲ. ಸ್ವಾಗತ ಭಾಷಣ ಮಾಡಬೇಕಿದ್ದ ಪುರಸಭೆಯ ಅಧ್ಯಕ್ಷೆ, ಕೊರಳಿಗೆ ಮೈಕ್ ಸಿಕ್ಕಿಸಿಕೊಂಡು, ನೇರ ಸ್ಪೀಕರಿನ ಮುಂದೆ ಹಾದು...

ಕೀ... ಈ... ಈ... ಈ!!

ಬಂಡೆಗಳೆಲ್ಲ ಸೇರಿ ಕಿರುಚಿದವು. ಅಧ್ಯಕ್ಷೆ ಕಿವಿ ಮುಚ್ಚಿಕೊಂಡು ಕುಸಿದು ಕೂತಳು. ಎಸ್ಕಿಲ್ ಓಡಿ ಬಂದು ಸದ್ದು ನಿಲ್ಲಿಸಿದ. ಪರದೆ ನೋಡಿದ. ಮುಖ ಸುಣ್ಣದಂತಾಯಿತು.

"ಯಾರು ಮುಟ್ಟಿದ್ದು? ಟೂವಾ... ನೀನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾಕೆ?"

ಹೇಳು! ಮಾರಿಟ್‌ಳ ದನಿಯನ್ನು ಯಂತ್ರ ತಿನ್ನುತ್ತಿದೆ ಅಂತ ಹೇಳು! ಎದೆ ಕೂಗುತ್ತಿತ್ತು. ಬಾಯಿ ತೆರೆಯಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆ ತರಗತಿಯಲ್ಲಿ ನೋಡಿದ ಹಾಗೆಯೇ...

"ನಿನ್ನ ನಂಬಿದ್ದು ನನ್ನ ತಪ್ಪು," ಎಂದ ಎಸ್ಕಿಲ್. "ಕೇಬಲ್ ಸುತ್ತೋರು ಕೇಬಲ್ ಸುತ್ತಿದ್ರೆ ಸಾಕಿತ್ತು!"

ಮಾತು ಬಾಯಿಂದ ಹೊರಟ ಮೇಲೆ ಅವನಿಗೇ ಕಹಿಯಾಯಿತು. ಆದರೆ ಹೊರಟುಹೋಗಿತ್ತು.

ಅವನು ರುನೆಯ ಕಡೆ ತಿರುಗಿದ. "ಮಾರಿಟ್‌ಳ ಹಳೇ ರೆಕಾರ್ಡಿಂಗ್ ಇದೆಯಲ್ಲ? ನಾಳೆ ಅದನ್ನೇ ಹಾಕೋಣ. ಅವಳು ಸುಮ್ನೆ ನಿಂತ್ಕೊಂಡ್ರೆ ಸಾಕು."

ವೇದಿಕೆಯ ಮೇಲೆ ಮಾರಿಟ್‌ಗೆ ಎಲ್ಲವೂ ಕೇಳಿಸಿತು. ತಲೆಯ ಕೆಂಪು ವಸ್ತ್ರವನ್ನು ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡಳು.

"ಸರಿ ಬಿಡು ಹುಡುಗಾ. ನಂಗೂ ಕೇಳಿಸ್ತು. ಗಂಟಲು ಸತ್ತಿದೆ. ರೆಕಾರ್ಡೂ ಬೇಡ, ನಾನೂ ಬೇಡ."

ಸಂಜೆ ಆರಕ್ಕೆ ಟೂವಾ ಹುಲ್ಲುಗಾವಲಿಗೆ ಹತ್ತಿ ಬಂದಳು. ಹಾಲು ಕರೆಯುವ ಹೊತ್ತು. ಈ ಹೊತ್ತಿಗೆ ಇಡೀ ಬೆಟ್ಟಕ್ಕೆ ಆ ಕರೆ ಕೇಳಬೇಕಿತ್ತು. ಕೇಳುತ್ತಿರಲಿಲ್ಲ.

ಕಾಡಿನ ಅಂಚಿನಲ್ಲಿ ಮಾರಿಟ್ ಕಾಣಿಸಿದಳು. ಕೋಲೂರಿಕೊಂಡು, ಬಾಯಿ ಬಿಗಿದುಕೊಂಡು, ಒಂದೊಂದೇ ಹಸುವನ್ನು ಕೊರಳು ಹಿಡಿದು ಎಳೆದುಕೊಂಡು ಬರುತ್ತಿದ್ದಳು.

ಅರವತ್ತು ವರ್ಷ ಕರೆದವಳು... ಇಂದು ಕರೆಯಲಿಲ್ಲ!

ಟೂವಾ ಬೇಲಿ ಹಿಡಿದು ನಿಂತು ಅತ್ತಳು. ನಾನು ಬಾಯಿ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ನನಗೆ ಆದ ಅವಮಾನ ಹಾಳಾಗಲಿ... ಮಾರಿಟ್‌ಳ ದನಿ ಹೀಗೆ ಸಾಯಬಾರದು. ನಾಳೆ ಅವಳು ಆ ವೇದಿಕೆಯ ಮೇಲೆ ಕೂಗಲೇಬೇಕು.

* * *

ಶನಿವಾರ ಬೆಳಿಗ್ಗೆ ಎಸ್ಕಿಲ್ ಬಂದಾಗ ಟೂವಾ ವೇದಿಕೆಯ ಮೇಲೆ, ಮಾರಿಟ್‌ಳ ಮೈಕಿನ ಮುಂದೆ ನಿಂತಿದ್ದಳು. ತಲೆಗೆ ಹೆಡ್‌ಸೆಟ್.

ಅವನೂ ಕಿವಿಗೆ ಹಾಕಿಕೊಂಡ. "ಟೂವಾ, ನಿನ್ನೆ ನಾನು ಅಂದಿದ್ದು..."

"ಆಮೇಲೆ. ಈಗ ಎಲ್ಲಾ ಸ್ಪೀಕರ್ ಬಂದ್ ಮಾಡು. ಮೈಕ್, ಕಾವಲುಗಾರ ಮಾತ್ರ ಇರ್ಲಿ."

"ಏನಕ್ಕೆ?"

"ಮಾಡು ಅಂದೆ."

ರುನೆ ಕಾಫಿ ಲೋಟ ಹಿಡಿದವನು ಹಾಗೇ ನಿಂತ. ಆ ಹುಡುಗಿಯ ಬಾಯಲ್ಲಿ ಇಂಥ ದನಿಯನ್ನು ಅವನು ಕೇಳಿರಲೇ ಇಲ್ಲ!

ಎಸ್ಕಿಲ್ ಒಂದೊಂದಾಗಿ ಬಂದ್ ಮಾಡಿದ. "ಆಯ್ತು. ಒಂದೂ ಇಲ್ಲ."

"ಒಂದೂ ಇಲ್ವಲ್ಲ? ಈಗ ದೀಪ ನೋಡ್ತಾ ಇರು."

ಕಣ್ಣು ಮುಚ್ಚಿದಳು. ಎದುರಿಗೆ ಇಬ್ಬರೇ ಇದ್ದಾರೆ. ಇಬ್ಬರೂ ಮನುಷ್ಯರು... ಆಗಲಿ. ಉಸಿರು ಹೊಟ್ಟೆಯ ತಳಕ್ಕೆ ಇಳಿಯಿತು.

"ಬಾರೇ... ಗ್ರೋಲಿನ್... ಬಾ... ರೇ... ಶಾರ್ನಾ... ಆ... ಆ..."

ಬೆಳ್ಳಿಯ ದಾರದಂಥ ಸ್ವರ. ಯಂತ್ರದ ನೆರವಿಲ್ಲದೆ ಎದ್ದಿತು, ಬಂಡೆಯಿಂದ ಬಂಡೆಗೆ ಹಾರಿತು, ತಿರುಗಿ ಬಂದು ಎಸ್ಕಿಲ್‌ನ ಎದೆಗೆ ಬಡಿಯಿತು. ಅವನ ಮೈ ಜುಮ್ಮೆಂದಿತು. ದೀಪ ನೋಡುವುದನ್ನೇ ಮರೆತ!

ಆಮೇಲೆ ಪರದೆಯ ಕಡೆ ತಿರುಗಿದ.

ಒಂದು ಕೆಂಪು ದೀಪ. ಎರಡು. ಐದು. ಹನ್ನೆರಡೂ ಹತ್ತಿದವು!

ಸ್ವರ ನಿಂತಿತು. ಹೆಡ್‌ಸೆಟ್ಟಿನಲ್ಲಿ ಅವಳ ಉಸಿರು.

"ಸ್ಪೀಕರೇ ಇಲ್ದೆ ಹೌಲಿಂಗ್ ಎಲ್ಲಿಂದ ಬಂತು, ಎಸ್ಕಿಲ್?"

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಎಲ್ಲಿಂದ ಬರಬೇಕು? ತೆಳ್ಳಗೆ, ಎತ್ತರಕ್ಕೆ, ಅಲುಗದೆ ನಿಲ್ಲುವ ಸ್ವರ ಎಂದರೆ ಯಂತ್ರಕ್ಕೆ ಒಂದೇ ಅರ್ಥ. ಅದು ಮನುಷ್ಯರ ಕಂಠದಿಂದಲೂ ಬರಬಹುದೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವನೇ ಆ ಕರೆಯನ್ನು ಜನ್ಮದಲ್ಲಿ ಕೇಳಿರಲಿಲ್ಲ.

ಅವನು ವೇದಿಕೆಗೆ ಓಡಿಬಂದ.

"ನಾನು ಅವಳ ದನಿ ಕತ್ತರಿಸ್ತಾ ಇದ್ದೆ. ನೀನು ಹೇಳ್ದೆ. ನಾನು ದೀಪ ನಂಬ್ದೆ, ನಿನ್ನ ನಂಬ್ಲಿಲ್ಲ. ಮೇಲೆ ಆ ಮಾತು ಬೇರೆ... ಕ್ಷಮಿಸು ಅಂತ ಹೆಂಗೆ ಕೇಳ್ಲಿ?"

"ನಂದೂ ತಪ್ಪಿದೆ. ಹೇಳ್ದೆ ಬಟನ್ ಒತ್ತಬಾರ್ದಿತ್ತು. ಆ ಅಧ್ಯಕ್ಷೆ ಪಾಪ..."

"ಅವಳು ಇನ್ನೂ ನನ್ನ ಕಡೆ ನೋಡ್ತಿಲ್ಲ."

ಇಬ್ಬರೂ ನಕ್ಕರು. ನಗು ಬಂಡೆಗೆ ತಾಗಿ ನಾಲ್ಕು ಜನ ನಕ್ಕಂತೆ ಕೇಳಿಸಿತು.

"ನಿಮ್ಮಿಬ್ರ ನಗು ಮುಗೀತಾ?" ರುನೆ ಕೂಗಿದ. "ಇನ್ನು ಎಂಟು ಗಂಟೆ ಹೊತ್ತಿದೆ ಅಷ್ಟೆ. ಕಾವಲುಗಾರನ್ನ ತೆಗೆದ್ರೆ ನಿಜವಾದ ಹೌಲಿಂಗ್ ಬರಲ್ವೇನ್ರಯ್ಯಾ?"

"ಬರುತ್ತೆ," ಎಂದ ಎಸ್ಕಿಲ್. "ಅದಕ್ಕೇ ಹಳೇ ಕಾಲದ ಥರ ಮಾಡ್ಬೇಕು. ಕೈಯಿಂದ. ಕಿವಿಯಿಂದ." ಅವನು ಟೂವಾಳನ್ನು ನೋಡಿದ. "ನಿನ್ನ ಕಿವಿಯಿಂದ."

ಕೆಲಸ ಶುರುವಾಯಿತು. ಮಾರಿಟ್‌ಳ ಮೈಕಿಗೆ ಮಾತ್ರ ಕಾವಲುಗಾರ ಬಂದ್. ಎಸ್ಕಿಲ್ ಮೈಕನ್ನು ಎಳ್ಳಷ್ಟೆಳ್ಳಷ್ಟೇ ಏರಿಸುತ್ತಾ ಹೋದ. ಎಲ್ಲಿ ಕೀ ಎನ್ನಲು ಶುರುವಾಗುತ್ತದೋ ಅಲ್ಲಿ ಟೂವಾ ಕೈ ಎತ್ತುತ್ತಿದ್ದಳು. ಅವಳಿಗೆ ಸ್ವರಗಳನ್ನು ಸಂಖ್ಯೆಯಲ್ಲಿ ಹೇಳಲು ಗೊತ್ತಿರಲಿಲ್ಲ. ಯಾವ ಹಸುವಿನ ಹೆಸರನ್ನು ಯಾವ ಎತ್ತರದಲ್ಲಿ ಕರೆಯುವುದೆಂದು ಗೊತ್ತಿತ್ತು.

"ಇದು ಗ್ರೋಲಿನ್‌ಗಿಂತ ಕೆಳಗೆ. ಮಾರಿಟ್ ಇಲ್ಲಿ ನಿಲ್ಲಲ್ಲ. ಕತ್ತರಿಸು."

"ಕತ್ತರಿಸ್ದೆ. ಇದು?"

"ಬೇಡ ಬೇಡ! ಅದು ಶಾರ್ನಾದ ಬಾಲ! ಅವಳು ಅಲ್ಲೇ ಉದ್ದಕ್ಕೆ ಎಳೆಯೋದು. ಅದನ್ನ ಮುಟ್ಟಬೇಡ. ಸ್ಪೀಕರನ್ನೇ ಸ್ವಲ್ಪ ಆ ಕಡೆ ತಿರುಗ್ಸು."

"ಐದು ವರ್ಷ ಓದಿ ಕೊನೆಗೆ ಹಸು ಬಾಲ ಉಳಿಸೋ ಕೆಲಸಕ್ಕೆ ಬಂದೆ!" ಎಂದು ಗೊಣಗುತ್ತಾ ಅವನು ಸ್ಪೀಕರ್ ತಿರುಗಿಸಲು ಏಣಿ ಹತ್ತಿದ. ಏಣಿಯ ಮೇಲೂ ನಗುತ್ತಿದ್ದ.

ಹನ್ನೊಂದಕ್ಕೆ ಇಬ್ಬರೂ ಹುಲ್ಲುಗಾವಲಿನ ಮನೆಯ ಬಾಗಿಲಲ್ಲಿ ನಿಂತಿದ್ದರು. ಮಾರಿಟ್ ಬೆಣ್ಣೆ ಕಡೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮಾರಿಟ್, ನಿನ್ನ ಗಂಟಲಿಗೆ ಏನೂ ಆಗಿಲ್ಲ," ಎಂದ ಎಸ್ಕಿಲ್. "ನನ್ನ ಯಂತ್ರ ನಿನ್ನ ಕೂಗನ್ನ ಹೌಲಿಂಗ್ ಅಂದ್ಕೊಂಡು ನುಂಗಿಹಾಕ್ತು. ನನ್ನ ತಪ್ಪು."

ಕಡೆಗೋಲು ನಿಂತಿತು.

"ನನ್ನ ಹಾಡು ನಿನ್ನ ಪೆಟ್ಟಿಗೆಗೆ ಕಿರುಚಾಟದ ಥರ ಕೇಳ್ತಾ?"

"...ಹೌದು."

"ನನ್ನ ಗಂಡನೂ ಮದುವೆಗೆ ಮುಂಚೆ ಹಂಗೇ ಅಂದಿದ್ದ!" ಮಾರಿಟ್‌ಳ ಮೂಗು ಅರಳಿತು. ಆದರೆ ನಗು ಉಳಿಯಲಿಲ್ಲ. "ಸಮಾಧಾನ ಹೇಳಕ್ಕೆ ಬಂದಿದೀಯ. ಬೇಡಪ್ಪ. ಜನರ ಮುಂದೆ ಇನ್ನೊಂದ್ಸಲ ಆ ಸಿಪ್ಪೆ ದನಿ ಕೇಳಿಸ್ಕೊಳ್ಳಕ್ಕೆ ನನ್ನ ಕೈಲಾಗಲ್ಲ."

"ನಾನು ಕೂಗಿ ನೋಡ್ದೆ, ಮಾರಿಟ್," ಎಂದಳು ಟೂವಾ. "ಅದು ನನ್ನ ದನೀನೂ ನುಂಗ್ತು."

ಮಾರಿಟ್ ಈಗ ತಲೆ ಎತ್ತಿದಳು.

"ನೀನು ಕೂಗಿದ್ಯಾ? ಇವನ ಮುಂದೆ?"

"ರುನೆ ಮುಂದೇನೂ."

ಮಾರಿಟ್ ಒಂದು ಗಳಿಗೆ ಅವಳನ್ನೇ ನೋಡಿದಳು. ಎದ್ದು ಕೈ ಒರೆಸಿಕೊಂಡಳು. ಗೋಡೆಯ ಮೊಳೆಯಲ್ಲಿದ್ದ ಕೆಂಪು ವಸ್ತ್ರ ತೆಗೆದು ತಲೆಗೆ ಕಟ್ಟಿದಳು.

"ಹಂಗಾದ್ರೆ ನಾನು ಯಾವ ಮುಖ ಇಟ್ಕೊಂಡು ಮನೇಲಿ ಕೂರ್ಲಿ? ನಡೀರಿ."

* * *

ಐದು ಗಂಟೆ. ಬಿಸಿಲು ಬಂಡೆಯ ಮೇಲೆ ಜೇನಿನಂತೆ ಇಳಿಯುತ್ತಿತ್ತು. ಮೂರು ಸಾವಿರ ಜನ.

ಟೂವಾ ಕೊನೆಯ ಸಾಲಿನ ಹಿಂದೆ ನಿಂತಿದ್ದಳು. ಹಿಂದೆ ಹೇಗೆ ಕೇಳುತ್ತಿದೆ ಎಂದು ಹೇಳುವುದು ಅವಳ ಕೆಲಸ. ಹೆಡ್‌ಸೆಟ್ಟಿನಲ್ಲಿ ಎಸ್ಕಿಲ್‌ನ ಉಸಿರು ಜೋರಾಗಿತ್ತು.

"ಟೂವಾ, ನಂಗೆ ಭಯ ಆಗ್ತಿದೆ. ಕಾವಲುಗಾರ ಇಲ್ದೆ ಇದೇ ಮೊದ್ಲು."

"ನಾನಿದೀನಲ್ಲ."

ಮಾರಿಟ್ ವೇದಿಕೆಗೆ ಬಂದಳು. ಜನರನ್ನು ನೋಡಲಿಲ್ಲ, ಬಂಡೆಯ ಮೇಲಿನ ಆಕಾಶವನ್ನು ನೋಡಿದಳು.

"ಬಾರೇ... ಶಾರ್ನಾ... ಬಾ... ರೇ..."

ಸ್ವರ ಎದ್ದಿತು. ಏರಿತು. ಮುರಿಯಲಿಲ್ಲ! ಸೊರಗಲಿಲ್ಲ! ವೇದಿಕೆಯಿಂದ ಹೊರಟು, ಕಂಬಗಳ ಬಳಿ ತಕ್ಕ ಹೊತ್ತಿಗೆ ಕೈಕೈ ಹಿಡಿದು, ಕೊನೆಯ ಸಾಲಿಗೆ ಒಂದೇ ಸ್ವರವಾಗಿ, ಇಡಿಯಾಗಿ ಬಂತು. ಮಾರಿಟ್ ಪಕ್ಕದಲ್ಲೇ ನಿಂತು ಕೂಗಿದಂತೆ. ಶಾರ್ನಾದ ಹೆಸರಿನ ಕೊನೆಯನ್ನು ಅವಳು ಎಳೆದಳು, ಎಳೆದಳು, ಎಳೆದಳು...

"ಹಿಂದೆ ಕೇಳ್ತಿದ್ಯಾ?" ಎಸ್ಕಿಲ್‌ನ ದನಿ ನಡುಗುತ್ತಿತ್ತು.

"ಕೇಳ್ತಿದೆ..." ಟೂವಾಳ ಕಣ್ಣಲ್ಲಿ ನೀರು. "ಎಲ್ಲಾ ಕೇಳ್ತಿದೆ, ಎಸ್ಕಿಲ್!"

ಒಬ್ಬರೂ ಕೆಮ್ಮಲಿಲ್ಲ. ಮಗುವೊಂದು ಬಾಯಿ ತೆರೆದುಕೊಂಡು ಅಪ್ಪನ ಹೆಗಲ ಮೇಲೆ ಕೂತಿತ್ತು.

ಮಾರಿಟ್ ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಕೈಯನ್ನು ಹಣೆಗಿಟ್ಟು ಕೊನೆಯ ಸಾಲಿನ ಕಡೆ ನೋಡಿದಳು. ಆಮೇಲೆ ಬೇರೆಯೇ ಒಂದು ಕರೆ ಕೂಗಿದಳು. ಮೂರೇ ಸ್ವರ.

ಟೂವಾಳಿಗೆ ಆ ಕರೆ ಗೊತ್ತಿತ್ತು.

ಅದು ಹಸುಗಳಿಗಲ್ಲ. ಒಂದು ಬೆಟ್ಟದವಳು ಇನ್ನೊಂದು ಬೆಟ್ಟದವಳನ್ನು ಕೇಳುವ ಕರೆ. ಅಲ್ಲಿ ಯಾರಿದ್ದೀರಿ? ಆ ಕರೆಗೆ ಉತ್ತರ ಕೊಡದೆ ಇರುವಂತಿಲ್ಲ. ಅದು ಹುಲ್ಲುಗಾವಲಿನ ನೇಮ.

ಮಾರಿಟ್ ಕಾಯುತ್ತಿದ್ದಳು.

ಮೂರು ಸಾವಿರ ಜನ... ದೇವರೇ! ಹೆಡ್‌ಸೆಟ್ಟಿನಲ್ಲಿ ಕ್ಲಿಕ್ ಎಂದಿತು. ಎಸ್ಕಿಲ್‌ಗೆ ಆ ನೇಮ ಗೊತ್ತಿರಲಿಲ್ಲ. ಆದರೂ ಅರ್ಥವಾಗಿತ್ತು. ಅವನು ಸ್ಪೀಕರುಗಳನ್ನೆಲ್ಲ ಬಂದ್ ಮಾಡಿದ.

"ದಾರಿ ಬಿಟ್ಟಿದೀನಿ," ಎಂದ ಮೆಲ್ಲಗೆ. "ಎಷ್ಟು ಹೊತ್ತು ಬೇಕಾದ್ರೂ ತಗೋ."

ಅವಳು ಹೆಡ್‌ಸೆಟ್ ತೆಗೆದು ಬೆಂಚಿನ ಮೇಲಿಟ್ಟಳು. ಬಾಯಿ ತೆರೆದಳು.

ಸ್ವರ ಬಂತು!

ಹಿಂದಿನಿಂದ ಎದ್ದ ಆ ಎಳೆಯ ಕರೆಗೆ ಮೂರು ಸಾವಿರ ತಲೆಗಳು ತಿರುಗಿದವು. ಅವಳು ಹೆದರಲಿಲ್ಲ. ನಾನು ಇದ್ದೇನೆ... ನಾನು ಇಲ್ಲಿದ್ದೇನೆ... ಎಂದು ಮೂರು ಸ್ವರದಲ್ಲಿ ಹೇಳಿದಳು. ಮಾರಿಟ್ ವೇದಿಕೆಯಿಂದ ಉತ್ತರಿಸಿದಳು. ಇವಳು ಮತ್ತೆ. ಎರಡು ದನಿಗಳು ಬಂಡೆಗಳ ನಡುವೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ, ತಬ್ಬಿಕೊಂಡು, ಆಕಾಶಕ್ಕೆ ಹಾರಿಹೋದವು.

ಗಣಿ ಸಿಡಿಯಿತು! ಜನ ಎದ್ದು ನಿಂತರು. ಚಪ್ಪಾಳೆ, ಕೇಕೆ, ಕಾಲಿನ ದಡಬಡ! ರುನೆ ಟೋಪಿ ತೆಗೆದು ಮೇಲೆ ಎಸೆದ. "ನನ್ನ ಹುಡುಗಿ ಕಣ್ರೋ! ನಮ್ಮ ಅಂಗಡಿ ಹುಡುಗಿ!" ಎಂದು ಗೊತ್ತಿಲ್ಲದವರನ್ನೆಲ್ಲ ಹಿಡಿದು ಹೇಳುತ್ತಿದ್ದ. ನಿನ್ನೆ ಕಿವಿ ಮುಚ್ಚಿಕೊಂಡು ಕುಸಿದಿದ್ದ ಅಧ್ಯಕ್ಷೆಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಎಲ್ಲರೂ ನೋಡುತ್ತಿದ್ದರು. ಒಬ್ಬರೂ ಗೇಲಿ ಮಾಡುತ್ತಿರಲಿಲ್ಲ. ಟೂವಾ ಅಳುತ್ತಾ ನಗುತ್ತಿದ್ದಳು.

* * *

ಕಛೇರಿ ಮುಗಿದು ಜನ ಕರಗುವ ಹೊತ್ತಿಗೆ ಏಳು ಗಂಟೆ. ಸೂರ್ಯ ಇನ್ನೂ ಬಂಡೆಯ ತುದಿಯಲ್ಲೇ ಇದ್ದ. ಟೂವಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ಎಸ್ಕಿಲ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ.

"ಎಂಬತ್ತು ಮೀಟರ್," ಎಂದ. "ದನಿಗಾದ್ರೆ ಕಾಲು ಸೆಕೆಂಡ್ ಸಾಕು. ನಂಗೆ ನಾಲ್ಕು ದಿನ ಬೇಕಾಯ್ತು."

ಅವಳು ಪಕ್ಕದಲ್ಲಿ ಜಾಗ ಮಾಡಿದಳು. ಅವನು ಕೂರಲಿಲ್ಲ.

"ಟೂವಾ, ನಾನು... ಅಂದ್ರೆ... ನೀನು..." ಈಗ ಅವನ ಗಂಟಲಲ್ಲಿ ಮಾತು ಕೂತಿತ್ತು!

ಅವಳಿಗೆ ನಗು ತಡೆಯಲಾಗಲಿಲ್ಲ. ಎದ್ದು ಅವನ ಎದುರು ನಿಂತಳು.

"ಇರು, ನಾನೇ ಹೇಳ್ತೀನಿ. ಇವತ್ತು ನಂಗೆ ಬರುತ್ತೆ. ನೀನಂದ್ರೆ ನಂಗಿಷ್ಟ, ಎಸ್ಕಿಲ್. ತುಂಬಾ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಬೇಕಾಗಿದ್ದು ಕನ್ನಡಕವನ್ನಲ್ಲ.

"ನಂಗೂ. ನೀನು ಅಷ್ಟು ಎತ್ತರದ ಸ್ವರ ಹಿಡಿದು ನಿಂತಿದ್ದಾಗ ನಾನು ದೀಪ ನೋಡೋದೇ ಮರೆತೆ. ಸೌಂಡ್ ಮಾಡೋನಿಗೆ ಇದಕ್ಕಿಂತ ಇನ್ನೇನು ಆಗ್ಬೇಕು ಹೇಳು... ನಾಳೆ ರೈಲಿಗೆ ಹೋಗಲ್ಲ ನಾನು. ಹುಲ್ಲುಗಾವಲಿಗೆ ಬರ್ಲಾ?"

"ಬಾ. ಆದ್ರೆ ಸಗಣಿ ಬಾಚಬೇಕಾಗುತ್ತೆ."

"ಬಾಚ್ತೀನಿ. ಆಮೇಲೆ... ನೀನು ನನ್ನ ಜೊತೆ ಬರ್ತೀಯಾ? ಊರೂರಿಗೆ? ಸಾಮಾನು ಹೊರಕ್ಕಲ್ಲ. ಕೇಳಕ್ಕೆ. ಪರದೆ ಮುಂದೆ ನಾನು, ಕಿವಿ ನೀನು."

"ಹಸುಗಳು ಬೆಟ್ಟ ಇಳಿದ ಮೇಲೆ ಬರ್ತೀನಿ. ಅಲ್ಲೀವರೆಗೂ ಕಾಯ್ತೀಯಾ?"

"ಕಾಯ್ತೀನಿ."

ಅವನು ಅವಳ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡ. ಅವಳ ಹಣೆ ಅವನ ಭುಜಕ್ಕೆ ತಾಗಿತು. ಬಂಡೆಗಳೂ ಉಸಿರು ಹಿಡಿದಂತಿದ್ದವು.

ಬೆಂಚಿನ ಮೇಲೆ ಬಿದ್ದಿದ್ದ ಹೆಡ್‌ಸೆಟ್ ಚರಚರ ಎಂದಿತು. ಕೆಳಗೆ ಲಾರಿಯ ಬಳಿ, ದೊಡ್ಡ ಸ್ಪೀಕರ್ ಪೆಟ್ಟಿಗೆಯ ಒಂದು ತುದಿ ಹಿಡಿದು ಒಂಟಿಯಾಗಿ ನಿಂತಿದ್ದ ರುನೆಯ ದನಿ.

"ಟೂವಾ? ಎಸ್ಕಿಲ್? ಯಾರಾದ್ರೂ ಒಬ್ರು ಬಂದು ಇದರ ಆ ಕಡೆ ಹಿಡ್ಕೊಳ್ರಪ್ಪ..."